ಬುಲೆಟ್ ಎಂಜಿನ್ ಕಚ್ಚಿಕೊಂಡಾಗ: ಶಿರಾ ಸೀಮೆಯ ಲೇತ್ ಅಂಗಡಿಗಳ ನೆನಪು

ಹಳೆಯ ಬುಲೆಟ್ಟುಗಳು ಒಂದೊಂದಾಗಿ ಮೂಲೆ ಸೇರುತ್ತಿರುವುದಕ್ಕೆ ಸ್ಪೇರ್ ಪಾರ್ಟ್ಸ್ ಸಿಗದಿರುವುದೇ ಕಾರಣ ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಗ್ಯಾರೇಜುಗಳನ್ನು ಎಂಬತ್ತರ ದಶಕದಿಂದ ನೋಡುತ್ತ ಬಂದ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಎರಕದ ಕಬ್ಬಿಣದ ಬುಲೆಟ್ ಎಂಜಿನ್ನಿಗೆ ಬೇಕಾದ ಪಿಸ್ಟನ್, ರಿಂಗು, ಬುಷ್, ಕನೆಕ್ಟಿಂಗ್ ರಾಡು, ಕೊನೆಗೆ ಸಿಲಿಂಡರ್ ಬ್ಯಾರಲ್ ಕೂಡ ಇವತ್ತು ಫೋನಿನಲ್ಲಿ ಹೇಳಿದರೆ ಮನೆ ಬಾಗಿಲಿಗೆ ಬರುತ್ತವೆ. ಆಗೆಲ್ಲ ಒಂದು ಗ್ಯಾಸ್ಕೆಟ್ಟಿಗೂ ತುಮಕೂರಿಗೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋಗಬೇಕಿತ್ತು. ಈಗ ಸಿಗದಿರುವುದು ಸಾಮಾನಲ್ಲ. ಎಂಜಿನ್ ಯಾಕೆ ಕಚ್ಚಿಕೊಂಡಿತು ಎಂದು ಬಿಚ್ಚಿ, ಅಳೆದು, ಕಾರಣ ಹೇಳುವ ಕೈ. ಆ ಕೈ ನಮ್ಮ ಸೀಮೆಯಿಂದ ಮರೆಯಾದದ್ದಕ್ಕೆ ಹೊಸ ಮೋಟಾರ್ ಸೈಕಲ್ಲುಗಳು ಬಂದದ್ದು ಅರ್ಧ ಕಾರಣವಷ್ಟೇ. ಇನ್ನರ್ಧ ನಮ್ಮ ಬಾವಿಗಳಲ್ಲಿದೆ. ಬಾವಿಗೂ ಬುಲೆಟ್ಟಿಗೂ ಏನು ಸಂಬಂಧ ಎಂದು ಕೇಳುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾಡಿಯ ಹಿನ್ನೆಲೆ. ಬುಲೆಟ್ ಹುಟ್ಟಿದ್ದು ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ. ಗಡಿ ಕಾವಲಿಗೆಂದು ನಮ್ಮ ಸೇನೆ ಅದನ್ನು ಆರಿಸಿಕೊಂಡ ಮೇಲೆ, 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಮೊದಮೊದಲು ಇಂಗ್ಲೆಂಡಿನಿಂದ ಬಂದ ಭಾಗಗಳನ್ನು ಮದ್ರಾಸಿನಲ್ಲಿ ಜೋಡಿಸುತ್ತಿದ್ದರು. ಬರಬರುತ್ತ ಅಚ್ಚು, ಯಂತ್ರ ಎಲ್ಲವೂ ಮದ್ರಾಸಿನ ಬಳಿಯ ತಿರುವೊಟ್ಟಿಯೂರಿಗೆ ಬಂದು ಇಡೀ ಗಾಡಿ ಅಲ್ಲೇ ತಯಾರಾಗತೊಡಗಿತು. 1970ರ ಹೊತ್ತಿಗೆ ಇಂಗ್ಲೆಂಡಿನ ಮೂಲ ಕಂಪನಿ ಬಾಗಿಲು ಹಾಕಿತು. 1977ರಲ್ಲಿ ಮದ್ರಾಸಿನ ಬುಲೆಟ್ಟೇ ಇಂಗ್ಲೆಂಡಿಗೆ ರಫ್ತಾಗತೊಡಗಿತು. ಹೀಗೆ ಐವತ್ತರ ದಶಕದ ಬ್ರಿಟಿಷ್ ವಿನ್ಯಾಸವೊಂದು ಹೆಚ್ಚು ಬದಲಾಗದೆ 2010ರ ಆಸುಪಾಸಿನವರೆಗೆ ನಮ್ಮಲ್ಲಿ ಉಳಿಯಿತು. 70 ಮಿಲಿಮೀಟರ್ ಬೋರ್, 90 ಮಿಲಿಮೀಟರ್ ಸ್ಟ್ರೋಕ್, 346 ಸಿಸಿ, ಹೆಚ್ಚೆಂದರೆ 18 ಅಶ್ವಶಕ್ತಿ. ಸಿಲಿಂಡರ್ ಎರಕದ ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂದು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಶಿರಾ ಕಡೆ ಇದನ್ನು ಇಟ್ಟುಕೊಂಡಿದ್ದವರು ಪೊಲೀಸರು, ಕಂಟ್ರಾಕ್ಟರುಗಳು, ಕಡಲೆಕಾಯಿ ವ್ಯಾಪಾರಿಗಳು, ತೆಂಗು ಅಡಿಕೆಯ ತೋಟವಿದ್ದವರು. ಬುಕ್ಕಾಪಟ್ಟಣದ ಕಲ್ಲುದಾರಿಯಲ್ಲೂ ಪಾವಗಡದ ಗಡಿಯ ಮಣ್ಣುರಸ್ತೆಯಲ್ಲೂ ಎರಡು ಮೂಟೆ ಹೇರಿಕೊಂಡು ಹೋಗಬಲ್ಲ ಗಾಡಿಗಳು ಆಗ ಹೆಚ್ಚಿರಲಿಲ್ಲ.

ಇಂಥ ಗಾಡಿಯ ಎಂಜಿನ್ ಹೋದರೆ ಆಗ ನಡೆಯುತ್ತಿದ್ದ ಕೆಲಸಕ್ಕೆ ಮೂರು ಅಂಗಡಿ ಬೇಕಿತ್ತು. ಬಿಚ್ಚಿ ಜೋಡಿಸುವ ಗ್ಯಾರೇಜು, ಸಾಮಾನು ಕೊಡುವ ಅಂಗಡಿ, ಇವೆರಡರ ನಡುವೆ ಲೇತ್ ಮತ್ತು ಬೋರಿಂಗ್ ಮೆಷಿನ್ ಇದ್ದ ಒಂದು ಶೆಡ್ಡು. ಹೊರಗಿನವರ ಕಣ್ಣಿಗೆ ಬೀಳುತ್ತಿದ್ದವರು ಗ್ಯಾರೇಜಿನ ಮೇಸ್ತ್ರಿ. ಗಿರಾಕಿ ಮಾತಾಡುತ್ತಿದ್ದುದೂ ಅವರೊಡನೆಯೇ. ಆದರೆ ನಿಜವಾದ ತೀರ್ಮಾನ ಆಗುತ್ತಿದ್ದುದು ಲೇತ್ ಶೆಡ್ಡಿನಲ್ಲಿ. ಮೇಸ್ತ್ರಿ ಬ್ಯಾರಲ್ಲನ್ನೂ ಪಿಸ್ಟನ್ನನ್ನೂ ಗೋಣಿ ತುಂಡಿನಲ್ಲಿ ಸುತ್ತಿಕೊಂಡು ಅಲ್ಲಿಗೆ ಒಯ್ಯುತ್ತಿದ್ದರು. ಲೇತಿನವರು ಬ್ಯಾರಲ್ಲಿನೊಳಗೆ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಉದ್ದ ಅಡ್ಡ ಎರಡು ದಿಕ್ಕಿನಲ್ಲಿ ಅಳೆದು, ಸೀಮೆಸುಣ್ಣದಲ್ಲಿ ಬ್ಯಾರಲ್ಲಿನ ಮೈಮೇಲೇ ಬರೆಯುತ್ತಿದ್ದರು. ಸವೆದದ್ದು 20 ತೌ ಪಿಸ್ಟನ್ನಿಗೆ ಸಾಕೋ, 40 ತೌವರೆಗೆ ಕೊರೆಯಬೇಕೋ, ಅದೂ ಮೀರಿದ್ದರೆ ಸ್ಲೀವ್ ಹಾಕಬೇಕೋ ಎಂದು ನಿರ್ಧಾರವಾಗುತ್ತಿದ್ದುದು ಆ ಅಂಕಿಗಳಿಂದ. ಇಂಚಿನ ಸಾವಿರದಲ್ಲೊಂದು ಭಾಗ ಒಂದು ತೌ. ಮಿಲಿಮೀಟರಿಗೆ ತಂದರೆ 0.0254. ಇಷ್ಟು ಸಣ್ಣ ಅಳತೆಯನ್ನು ದಿನವೂ ಕೈಯಲ್ಲಿ ಹಿಡಿಯುವ ಜನ ಒಂದು ತಾಲ್ಲೂಕು ಕೇಂದ್ರದಲ್ಲಿ ಇದ್ದರು ಎಂಬುದನ್ನು ನಾವು ಯಾರೂ ದೊಡ್ಡ ವಿಷಯವೆಂದು ಆಗ ಎಣಿಸಲಿಲ್ಲ.

ಆ ಅಳತೆ ಯಾಕೆ ಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ನೂ ಬ್ಯಾರಲ್ಲೂ 150 ಡಿಗ್ರಿಯಷ್ಟು ಬಿಸಿಯೇರಿದರೆ, 70 ಮಿಲಿಮೀಟರ್ ಅಗಲದ ಪಿಸ್ಟನ್ ತನ್ನ ಬ್ಯಾರಲ್ಲಿಗಿಂತ ಸುಮಾರು ಎಂಟನೇ ಒಂದು ಮಿಲಿಮೀಟರ್, ಅಂದರೆ ಐದು ತೌನಷ್ಟು ಹೆಚ್ಚು ಬೆಳೆದಿರುತ್ತದೆ. ಬೋರ್ ಮಾಡುವಾಗ ಆ ಜಾಗ ಬಿಡದಿದ್ದರೆ ಎಂಜಿನ್ ಕಚ್ಚಿಕೊಳ್ಳಲೇಬೇಕು. ಹೆಚ್ಚು ಬಿಟ್ಟರೆ ಪಿಸ್ಟನ್ ಬಡಿಯುತ್ತದೆ, ಹೊಗೆ ಬರುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಬಿಗಿದು ಹಿಂದಿನ ಚಕ್ರ ಜಾರಿದಾಗ ಸವಾರ ಕ್ಲಚ್ ಹಿಡಿದು ಬದುಕಿಕೊಳ್ಳುತ್ತಾನೆ. ಗಾಡಿ ತಣಿದ ಮೇಲೆ ಕಿಕ್ ಹೊಡೆದರೆ ಎಷ್ಟೋ ಸಲ ಎಂಜಿನ್ ಮತ್ತೆ ತಿರುಗುತ್ತದೆ. ಆಗಲೇ ಅಪಾಯ. ಏನೂ ಆಗಿಲ್ಲವೆಂದು ಅದನ್ನೇ ಓಡಿಸಿಕೊಂಡು ಬಂದರೆ, ಪಿಸ್ಟನ್ ಮೈಯಿಂದ ಎದ್ದ ಅಲ್ಯೂಮಿನಿಯಂ ಚೂರು ಎಣ್ಣೆಯೊಂದಿಗೆ ಕೆಳಗಿಳಿದು ಕ್ರ್ಯಾಂಕಿನವರೆಗೆ ಹೋಗುತ್ತದೆ. ಬ್ಯಾರಲ್ ಪಿಸ್ಟನ್ನಿನ ಮಟ್ಟಿಗೆ, ಅಂದರೆ ಹಾಫ್ ಎಂಜಿನ್ ಕೆಲಸದಲ್ಲಿ ಮುಗಿಯುವುದು ಕ್ರ್ಯಾಂಕಿನವರೆಗೂ ಬಿಚ್ಚುವ ಫುಲ್ ಎಂಜಿನ್ ಆಗುತ್ತದೆ.

ಹಳೆಯ ಲೇತಿನವರು ಪಿಸ್ಟನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ನಾಲ್ಕು ಮೂಲೆಯಲ್ಲಿ ಉಜ್ಜಿದ ಗುರುತಿದ್ದರೆ ಬೋರ್ ಬಿಗಿ, ಇಲ್ಲವೇ ಹೊಸ ಪಿಸ್ಟನ್ ಹಾಕಿದವನು ನಿಧಾನವಾಗಿ ಓಡಿಸಿಲ್ಲ. ಮುಂದಿನದೋ ಹಿಂದಿನದೋ ಒಂದೇ ಮೈಯಲ್ಲಿ ಉದ್ದುದ್ದ ಗೆರೆ ಬಿದ್ದಿದ್ದರೆ ಎಣ್ಣೆ ಸಾಲದೆ ಒಣಗಿದ್ದು. ತಲೆಯ ಮೇಲೆ ಕರಗಿದ ಗುಳಿ ಅಥವಾ ತೂತು ಇದ್ದರೆ ಟೈಮಿಂಗ್ ಮುಂದೆ ಹೋಗಿದೆ, ಇಲ್ಲವೇ ಕಾರ್ಬುರೇಟರು ಪೆಟ್ರೋಲ್ ಕಡಿಮೆ ಕೊಟ್ಟು ಗಾಳಿ ಹೆಚ್ಚು ಎಳೆಯುತ್ತಿದೆ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಡ್ಜನ್ ಪಿನ್ನಿನ ಪಕ್ಕದಲ್ಲೇ ಉಜ್ಜಿದ್ದರೆ ಪಿನ್ ಬಿಗಿಯಾಗಿ ಕೂತಿದೆ, ಅಥವಾ ಕನೆಕ್ಟಿಂಗ್ ರಾಡ್ ಸೊಟ್ಟಗಿದೆ. ಕಾರಣ ಬೇರೆಯಾದರೆ ಮದ್ದೂ ಬೇರೆ. ಎಣ್ಣೆಯ ದಾರಿ ಕಟ್ಟಿದ್ದರಿಂದ ಸತ್ತ ಎಂಜಿನ್ನಿಗೆ ಎಷ್ಟೇ ಒಳ್ಳೆಯ ಪಿಸ್ಟನ್ ತಂದು ಹಾಕಿದರೂ ಅದು ಮತ್ತೆ ಸಾಯುತ್ತದೆ. ನನ್ನ ವಾದದ ತಿರುಳೇ ಇದು: ಎಂಜಿನ್ ರಿಪೇರಿ ಎಂಬ ಕಸುಬಿನ ಜೀವ ಹೊಸ ಸಾಮಾನು ಜೋಡಿಸುವುದರಲ್ಲಿಲ್ಲ, ಹಾಳಾದ ಸಾಮಾನನ್ನು ಓದುವುದರಲ್ಲಿದೆ. ಜೋಡಿಸುವವರು ಇಂದಿಗೂ ಬೇಕಾದಷ್ಟು ಇದ್ದಾರೆ.

ಬುಲೆಟ್ಟಿನ ಮಟ್ಟಿಗೆ ಈ ಓದು ಇನ್ನೂ ಅಗತ್ಯ, ಏಕೆಂದರೆ ಅದರ ಎಣ್ಣೆಯ ವ್ಯವಸ್ಥೆ ಬಹಳ ಸೂಕ್ಷ್ಮ. ಕ್ರ್ಯಾಂಕ್‌ಕೇಸಿನೊಳಗೇ ಒಂದು ಗೂಡಿನಲ್ಲಿ ಎರಡು ಲೀಟರಿಗಿಂತ ತುಸು ಹೆಚ್ಚು ಎಣ್ಣೆ ನಿಂತಿರುತ್ತದೆ. ಒಂದು ಪಂಪು ಅದನ್ನು ಎಂಜಿನ್ನಿಗೆ ಕೊಡುತ್ತದೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಬಿಗ್ ಎಂಡ್ ಎಂದು ಕರೆಯುವ, ಕನೆಕ್ಟಿಂಗ್ ರಾಡಿನ ದೊಡ್ಡ ಕಣ್ಣಿನಲ್ಲಿ ಆಗ ಇದ್ದದ್ದು ರೋಲರ್ ಬೇರಿಂಗ್ ಅಲ್ಲ, ತೇಲುವ ಬುಷ್. ಎಣ್ಣೆಯ ಪದರದ ಮೇಲೆಯೇ ಅದು ನಿಂತಿರಬೇಕು. ಟೈಮಿಂಗ್ ಕವರಿನಿಂದ ಕ್ರ್ಯಾಂಕಿಗೆ ಎಣ್ಣೆ ದಾಟುವ ಕಡೆ ಇರುವ ಚಿಕ್ಕ ಸೀಲು ಸವೆದರೆ ಒತ್ತಡವೆಲ್ಲ ಅಲ್ಲೇ ಸೋರಿ ಹೋಗುತ್ತದೆ. ಮೇಲೆ ಹೆಡ್ಡಿಗೆ ಹೋಗುವ ಪೈಪಿನ ಬೋಲ್ಟ್ ಸಡಿಲಿಸಿ, ಎಣ್ಣೆ ಜಿನುಗಿದರೆ ಸಾಕು, ಎಲ್ಲ ಸರಿಯಿದೆ ಎನ್ನುವ ಅಭ್ಯಾಸ ಇಂದಿನ ಗ್ಯಾರೇಜುಗಳಲ್ಲಿದೆ. ಹೆಡ್ಡಿನ ದಾರಿ ಬೇರೆ, ಬಿಗ್ ಎಂಡಿನ ದಾರಿ ಬೇರೆ. ಮೇಲೆ ಎಣ್ಣೆ ಕಂಡಿತೆಂದು ಕೆಳಗೆ ತಲುಪಿದೆ ಎಂದಾಗುವುದಿಲ್ಲ. ಬಿಗ್ ಎಂಡ್ ಹೋದಾಗ ಎರಡು ಫ್ಲೈವೀಲ್‌ಗಳನ್ನು ಬಿಡಿಸಿ, ಹೊಸ ಪಿನ್ನೂ ಬುಷ್ಷೂ ಹಾಕಿ, ಮತ್ತೆ ಕೂಡಿಸಿ, ಲೇತಿನ ಎರಡು ಸೆಂಟರುಗಳ ನಡುವೆ ತಿರುಗಿಸಿ, ಡಯಲ್ ಗೇಜ್ ಮುಳ್ಳು ಎಷ್ಟು ಆಡುತ್ತದೆಂದು ನೋಡುತ್ತ ತಾಮ್ರದ ಸುತ್ತಿಗೆಯಿಂದ ತಟ್ಟಿ ನೇರ ಮಾಡಬೇಕು. ಇದು ಅವಸರದಲ್ಲಿ ಆಗುವ ಕೆಲಸವಲ್ಲ. ಒಂದೆರಡು ತೌ ಓರೆ ಉಳಿದರೂ ಗಾಡಿ ನಡುಗುತ್ತದೆ, ಬೇರಿಂಗುಗಳು ಬೇಗ ಸಾಯುತ್ತವೆ.

ಈಗ ಬಾವಿಯ ವಿಷಯ. ಬುಲೆಟ್ ರಿಪೇರಿಯೊಂದನ್ನೇ ನಂಬಿ ಶಿರಾದಂಥ ಊರಿನಲ್ಲಿ ಬೋರಿಂಗ್ ಮೆಷಿನ್ ಹಾಕಿ ಬದುಕಲು ಸಾಧ್ಯವಿರಲಿಲ್ಲ. ತಾಲ್ಲೂಕಿನಲ್ಲಿ ಬುಲೆಟ್ಟುಗಳು ಇದ್ದದ್ದೇ ಅಷ್ಟಕ್ಕಷ್ಟೆ. ಆ ಶೆಡ್ಡಿನ ದಿನದ ಅನ್ನ ಬರುತ್ತಿದ್ದುದು ಬಾವಿ ದಡದ ಡೀಸೆಲ್ ಎಂಜಿನ್ನುಗಳಿಂದ. ಮಳೆ ಕಡಿಮೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಎತ್ತಿನ ಕಪಿಲೆ ನಿಂತ ಮೇಲೆ, ಕರೆಂಟು ಇನ್ನೂ ಹೊಲಹೊಲಕ್ಕೆ ಬರುವ ಮುಂಚೆ, ತೆರೆದ ಬಾವಿಗಳ ನೀರೆತ್ತಿದ್ದು ಕಿರ್ಲೋಸ್ಕರ್ ಮತ್ತು ಲಿಸ್ಟರ್ ಮಾದರಿಯ ಎಂಜಿನ್ನುಗಳು. ಲಿಸ್ಟರ್ ಕೂಡ ಇಂಗ್ಲೆಂಡಿನದೇ. ಅದರ ನಕಲುಗಳು ಗುಜರಾತಿನ ರಾಜಕೋಟೆಯಲ್ಲಿ ತಯಾರಾಗಿ ದೇಶವೆಲ್ಲ ಹರಡಿದವು. ಒಂದೇ ಸಿಲಿಂಡರ್, ಭಾರದ ಫ್ಲೈವೀಲ್, ನಿಧಾನದ ಓಟ: ಬುಲೆಟ್ ಎಂಜಿನ್ನಿಗೆ ಅಣ್ಣನೋ ತಮ್ಮನೋ ಅನ್ನಬಹುದು. ಬೇಸಿಗೆಯಲ್ಲಿ ಕಡಲೆಕಾಯಿಗೋ ರಾಗಿಗೋ ಹಗಲು ರಾತ್ರಿ ಓಡಿ ಸವೆದ ಈ ಎಂಜಿನ್ನುಗಳು ಮಳೆಗಾಲದ ಹೊತ್ತಿಗೆ ಬೋರಿಗೆ ಬರುತ್ತಿದ್ದವು. ಜೊತೆಗೆ ಎಣ್ಣೆ ಗಾಣಗಳ ಶಾಫ್ಟು, ಕಡಲೆಕಾಯಿ ಸುಲಿಯುವ ಯಂತ್ರದ ಬುಷ್ಷು, ಟೈರುಗಾಡಿಯ ಅಚ್ಚು, ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಗಳ ಕೆಲಸ. ಬುಲೆಟ್ಟಿನ ಬ್ಯಾರಲ್ಲು ಇವೆಲ್ಲದರ ನಡುವೆ ಬಂದು ಹೋಗುವ ನೆಂಟ. ಬಾವಿ ಎಂಜಿನ್ನುಗಳ ಮೇಲೆ ಪಳಗಿದ ಕೈಯೇ ಅದಕ್ಕೂ ಸಿಗುತ್ತಿತ್ತು.

ಎಂಬತ್ತು ತೊಂಬತ್ತರ ದಶಕಗಳಲ್ಲಿ ನೀರು ಕೆಳಗಿಳಿಯಿತು. ಮೇಲೆ ಕೂತ ಪಂಪು ನೀರನ್ನು ಎಳೆಯುವುದು ವಾತಾವರಣದ ಒತ್ತಡದ ಬಲದಿಂದ. ಅದರ ಮಿತಿ ಲೆಕ್ಕದಲ್ಲಿ ಹತ್ತು ಮೀಟರ್, ಹೊಲದಲ್ಲಿ ಏಳೆಂಟು. ನೀರು ಅದಕ್ಕಿಂತ ಕೆಳಗೆ ಹೋದಾಗ ರೈತರು ಮೊದಲು ಎಂಜಿನ್ನನ್ನೇ ಬಾವಿಯೊಳಗೆ ಮೆಟ್ಟಿಲು ಮಾಡಿ ಇಳಿಸಿದರು. ಆಮೇಲೆ ಬಾವಿಯ ತಳದಲ್ಲಿ ಕೊಳವೆ ಕೊರೆಸಿದರು. ಕೊನೆಗೆ ಬಾವಿಯನ್ನೇ ಬಿಟ್ಟು ನೂರಾರು ಅಡಿಯ ಬೋರ್‌ವೆಲ್ಲಿಗೆ ಸಬ್‌ಮರ್ಸಿಬಲ್ ಮೋಟಾರು ಇಳಿಸಿದರು. ಆ ಮೋಟಾರಿಗೆ ಪಿಸ್ಟನ್ ಇಲ್ಲ, ಬೋರ್ ಮಾಡಿಸುವ ಬ್ಯಾರಲ್ ಇಲ್ಲ. ಅದು ಕೆಟ್ಟರೆ ಸುಟ್ಟಿರುತ್ತದೆ. ಬೇಕಾದದ್ದು ತಾಮ್ರದ ತಂತಿ ಸುತ್ತುವವರು. ಶಿರಾ, ಮಧುಗಿರಿ ಪೇಟೆಗಳಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿಗಳು ಸಾಲುಸಾಲಾಗಿ ಎದ್ದದ್ದೂ ಬೋರಿಂಗ್ ಮೆಷಿನ್ನುಗಳು ಗುಜರಿಗೆ ಹೋದದ್ದೂ ಒಂದೇ ಕಾಲದಲ್ಲಿ. ಲೇತುಗಳು ಉಳಿದವು, ಆದರೆ ಅವುಗಳ ಕೆಲಸ ಬೋರ್‌ವೆಲ್ ಪೈಪಿಗೆ ಮರೆ ಹಾಕುವುದಕ್ಕೆ, ಗೇಟು ಗ್ರಿಲ್ಲಿನ ಕಬ್ಬಿಣ ಕತ್ತರಿಸುವುದಕ್ಕೆ ಇಳಿಯಿತು. ತೌ ಲೆಕ್ಕ ಅಲ್ಲಿ ಬೇಕಾಗಲಿಲ್ಲ. ಬೇಡವಾದ ವಿದ್ಯೆಯನ್ನು ಮಕ್ಕಳಿಗೆ ಯಾರೂ ಕಲಿಸಲಿಲ್ಲ.

ಇದರ ಬೆನ್ನಿಗೇ ರಸ್ತೆಯೂ ಬದಲಾಯಿತು. ತುಮಕೂರು ಹಿರಿಯೂರುಗಳ ನಡುವಿನ ಹಳೆಯ ನಾಲ್ಕನೇ ನಂಬರ್ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಕೂತು, ದಾಟಿ, ಮತ್ತೆ ನಿಧಾನವಾಗಿ ಹೋಗುವುದೇ ಪ್ರಯಾಣ. ಎಂಜಿನ್ನಿಗೆ ಆಗಾಗ ಉಸಿರು ಬಿಡಲು ಅವಕಾಶವಿತ್ತು. ಸುವರ್ಣ ಚತುಷ್ಪಥ ಬಂದ ಮೇಲೆ ಅದೇ ದಾರಿಯಲ್ಲಿ ಒಂದೇ ವೇಗ ಹಿಡಿದು ಗಂಟೆಗಟ್ಟಲೆ ಓಡಿಸಬಹುದಾಯಿತು. 90 ಮಿಲಿಮೀಟರ್ ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಪಿಸ್ಟನ್ ಸರಾಸರಿ ಸೆಕೆಂಡಿಗೆ 12 ಮೀಟರ್ ಓಡುತ್ತದೆ. ಸ್ವಲ್ಪ ಹೊತ್ತು ಅದನ್ನು ಹಳೆಯ ಬುಲೆಟ್ ತಾಳುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ, ಎದುರು ಗಾಳಿಯಲ್ಲಿ, ಬೆಂಗಳೂರಿನಿಂದ ಚಿತ್ರದುರ್ಗದವರೆಗೆ ಬಿಡದೆ ಅದನ್ನೇ ಬೇಡಿದರೆ ತಾಳುವುದಿಲ್ಲ. ಎಂಜಿನ್ನುಗಳು ಕಚ್ಚಿಕೊಳ್ಳುವ ಸಂದರ್ಭ ಹೆಚ್ಚಿದಾಗಲೇ ಅವನ್ನು ಅಳೆಯುವವರು ಕಡಿಮೆಯಾದರು. ಹಳೆಯ ಗಾಡಿಗಳಿಗೆ ಬಿದ್ದ ನಿಜವಾದ ಪೆಟ್ಟು ಅದು.

ಇದಕ್ಕೆ ಬರುವ ಮೊದಲ ಆಕ್ಷೇಪ: ಹೊಸ ಎಂಜಿನ್ನುಗಳಿಗೆ ಇದ್ಯಾವುದೂ ಬೇಕಿಲ್ಲವಲ್ಲ. ನಿಜ. 2008ರ ನಂತರ ಬಂದ ಯೂನಿಟ್ ಕನ್‌ಸ್ಟ್ರಕ್ಷನ್ ಎಂಜಿನ್‌ನಲ್ಲಿ ತೇಲುವ ಬುಷ್ಷಿನ ಬದಲು ರೋಲರ್ ಬೇರಿಂಗ್ ಇದೆ. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗೂಡಿನಲ್ಲಿವೆ. 2023ರ ಬುಲೆಟ್ಟಿನ 349 ಸಿಸಿ ಎಂಜಿನ್ ಹೆದ್ದಾರಿಯ ವೇಗಕ್ಕೆಂದೇ ಮಾಡಿದ್ದು. ಅವು ಒಳ್ಳೆಯ ಎಂಜಿನ್ನುಗಳು. ಹಳೆಯದೇ ಮೇಲು ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಹೊಸದು ಚೆನ್ನಾಗಿದೆ ಎಂಬುದು ಹಳೆಯದನ್ನು ಸರಿಯಾಗಿ ರಿಪೇರಿ ಮಾಡಬೇಕಿಲ್ಲ ಎಂಬುದಕ್ಕೆ ಕಾರಣವಲ್ಲ. ಎರಕದ ಎಂಜಿನ್ನಿನ ಗಾಡಿಗಳು ಇನ್ನೂ ರಸ್ತೆಯಲ್ಲಿವೆ, ಕೊಟ್ಟಿಗೆಗಳಲ್ಲಿವೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ದ್ವಿಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಮ್ಮ ಕಡೆಯ ಎಪ್ಪತ್ತರ ದಶಕದ ಬುಲೆಟ್ಟುಗಳು ಈಗ ಆ ವಯಸ್ಸಿಗೆ ಬರುತ್ತಿವೆ. ಸರ್ಕಾರವೇ ಪರಂಪರೆಯೆಂದು ಒಪ್ಪಿದ ಯಂತ್ರವನ್ನು ನೋಡಿಕೊಳ್ಳುವ ಕೈಯೂ ಪರಂಪರೆಯಲ್ಲವೇ?

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾರೆ. ಆ ಗ್ಯಾರೇಜುಗಳು ಒರಟಾಗಿದ್ದವು. ಸರಿಯಾದ ಪಾನಾ ಇಲ್ಲದೆ ಉಳಿಯಿಟ್ಟು ಹೊಡೆದು ನಟ್ಟು ಬಿಚ್ಚುತ್ತಿದ್ದರು. ಇಂಚಿನ ಮರೆಗೆ ಮಿಲಿಮೀಟರ್ ಬೋಲ್ಟನ್ನು ಒತ್ತಾಯದಿಂದ ತಿರುಗಿಸಿ ಕ್ರ್ಯಾಂಕ್‌ಕೇಸು ಹಾಳು ಮಾಡುತ್ತಿದ್ದರು. ಹೆಡ್ಡಿನ ನಟ್ಟುಗಳನ್ನು ಟಾರ್ಕ್ ನೋಡದೆ ಅಂದಾಜಿನಲ್ಲಿ ಬಿಗಿಯುತ್ತಿದ್ದರು. ಇದಕ್ಕಿಂತ ದೊಡ್ಡ ತಪ್ಪೆಂದರೆ, ಶಾಲೆಯಲ್ಲಿರಬೇಕಾದ ಹುಡುಗರು ಸೀಮೆಎಣ್ಣೆಯಲ್ಲಿ ಪಾರ್ಟ್ಸ್ ತೊಳೆಯುತ್ತ ಏಟು ತಿನ್ನುತ್ತ ಆ ವಿದ್ಯೆ ಕಲಿತರು. ಆ ರೀತಿಯ ಕಲಿಕೆ ನಿಂತುಹೋದದ್ದು ಒಳ್ಳೆಯದೇ ಆಯಿತು, ಮತ್ತೆ ಬರಬಾರದು. ನಾನು ಕೇಳುತ್ತಿರುವುದು ಆ ವಿದ್ಯೆಯನ್ನು ಬೇರೆ ಜಾಗದಲ್ಲಿ ಕಲಿಸಬಹುದಲ್ಲ ಎಂದು. ಐಟಿಐಗಳಲ್ಲಿ ಟರ್ನರ್, ಫಿಟ್ಟರ್, ಮೋಟಾರ್ ಮೆಕ್ಯಾನಿಕ್ ಕೋರ್ಸುಗಳಿವೆ. ಅಲ್ಲಿ ಲೇತಿದೆ, ಮೈಕ್ರೋಮೀಟರಿದೆ, ಡಯಲ್ ಗೇಜ್ ಇದೆ. ಕಚ್ಚಿಕೊಂಡ ಒಂದು ಪಿಸ್ಟನ್ನನ್ನು ಮೇಜಿನ ಮೇಲಿಟ್ಟು, ಇದು ಹೇಗೆ ಸತ್ತಿತು ಹೇಳಿ ಎಂದು ವಿದ್ಯಾರ್ಥಿಗಳನ್ನು ಕೇಳುವ ಪಾಠವೊಂದೇ ಸಾಕು, ಅಳತೆ ಯಾಕೆ ಬೇಕೆಂದು ಅವರಿಗೆ ತಿಳಿಯುತ್ತದೆ.

ಮೂರನೆಯದು ದುಡ್ಡಿನ ಮಾತು. ಬೋರ್ ಮಾಡಿಸಿ ಹೊಂದಿಸುವ ರಗಳೆಗಿಂತ ಹೊಸ ಬ್ಯಾರಲ್ ಪಿಸ್ಟನ್ ಕಿಟ್ ತಂದು ಹಾಕುವುದು ಸುಲಭ, ಬಹಳ ಸಲ ಅಗ್ಗ ಕೂಡ. ಕಾರಣ ಬಿಗಿ ಬೋರ್ ಅಥವಾ ಸಹಜ ಸವೆತವಾಗಿದ್ದರೆ ಕಿಟ್ಟೇ ಸಾಕು, ಒಪ್ಪುತ್ತೇನೆ. ಆದರೆ ಎಣ್ಣೆಯ ಸೀಲು, ಸೊಟ್ಟ ರಾಡು, ತಪ್ಪು ಟೈಮಿಂಗ್ ಇವುಗಳಲ್ಲಿ ಒಂದಾಗಿದ್ದರೆ ಕಿಟ್ಟಿನ ದುಡ್ಡು ಎರಡು ಸಲ ಕೊಡಬೇಕಾಗುತ್ತದೆ. ಎರಡನೇ ಸಲ ಕಚ್ಚಿಕೊಂಡ ಮೇಲೆ ಗಾಡಿಯ ಯಜಮಾನ, ಇದಕ್ಕೆ ಸರಿಯಾದ ಸಾಮಾನು ಸಿಗುವುದಿಲ್ಲ ಎಂದು ನಂಬಿ ಅದನ್ನು ಗುಜರಿಗೆ ಕೊಡುತ್ತಾನೆ. ಆ ನಂಬಿಕೆ ಹುಟ್ಟುವುದು ಹೀಗೆ.

ಇಂಗ್ಲೆಂಡಿನ ಕಡೆ ನೋಡಿದರೆ ಇದಕ್ಕೆ ತದ್ವಿರುದ್ಧ ನಡೆದಿದೆ. ಅಲ್ಲಿ ಎಪ್ಪತ್ತರ ದಶಕದ ಮೊದಲಲ್ಲೇ ಮೋಟಾರ್ ಸೈಕಲ್ ಕಂಪನಿ ಬಿಎಸ್‌ಎ ಕುಸಿಯಿತು, 1983ರಲ್ಲಿ ಮೆರಿಡೆನ್‌ನ ಟ್ರಯಂಫ್ ಕಾರ್ಖಾನೆ ಮುಚ್ಚಿತು. ಕಾರ್ಖಾನೆಗಳು ಹೋದವು, ಆದರೆ ಆ ಗಾಡಿಗಳ ಎಂಜಿನ್ ಕಟ್ಟುವ ಕಸುಬು ಉಳಿಯಿತು. 1946ರಲ್ಲೇ ಶುರುವಾದ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬು ಮತ್ತು ಅಂಥ ಹತ್ತಾರು ಮಾಲೀಕರ ಸಂಘಗಳು ಹಳೆಯ ಕೈಪಿಡಿ, ನಕ್ಷೆ, ಅಳತೆಗಳನ್ನು ಕೂಡಿಟ್ಟವು. ಕ್ರ್ಯಾಂಕ್ ಕಟ್ಟುವುದು, ಬೋರ್ ಮಾಡುವುದನ್ನೇ ಮಾಡುವ ಸಣ್ಣ ವರ್ಕ್‌ಶಾಪುಗಳಿಗೆ ಅವರೇ ಗಿರಾಕಿಗಳಾದರು. ನಮ್ಮಲ್ಲಿ ಕಂಪನಿ ಬದುಕಿದೆ, ಚೆನ್ನಾಗಿ ಬೆಳೆದಿದೆ, ಸಾಮಾನೂ ಸಿಗುತ್ತದೆ; ಕಸುಬು ಮಾತ್ರ ಹೋಯಿತು. ನಮ್ಮ ಕಡೆ ಬುಲೆಟ್ ಪ್ರಿಯರ ಗುಂಪುಗಳಿಗೆ ಕೊರತೆಯಿಲ್ಲ. ಸವಾರಿಗೆ ಸೇರುವಷ್ಟೇ ಉತ್ಸಾಹದಿಂದ ಅವರು ಒಂದು ಬೋರಿಂಗ್ ಮೆಷಿನ್ನಿಗೆ ತಿಂಗಳ ಕೆಲಸ ಒದಗಿಸಲು ಸೇರಿದರೆ, ತುಮಕೂರು ಜಿಲ್ಲೆಗೆಲ್ಲ ಸಾಕಾಗುವ ಒಂದು ಶೆಡ್ಡು ಬದುಕುತ್ತದೆ.

ಅಲ್ಲಿಯವರೆಗೆ ಹಳೆಯ ಬುಲೆಟ್ ಇರುವವರಿಗೆ ನನ್ನ ಮಾತು ಇಷ್ಟು. ಎಂಜಿನ್ ಕಚ್ಚಿಕೊಂಡರೆ ತಣಿದ ಮೇಲೆ ಕಿಕ್ ಹೊಡೆದು ಓಡಿಸಿಕೊಂಡು ಬರಬೇಡಿ, ಗಾಡಿಯನ್ನು ಟೆಂಪೋದಲ್ಲಿ ತನ್ನಿ. ಹೊಸ ಕಿಟ್ಟಿಗೆ ದುಡ್ಡು ಕೊಡುವ ಮುಂಚೆ ಹಳೆಯ ಪಿಸ್ಟನ್ನನ್ನು ಕೈಗೆ ತೆಗೆದುಕೊಂಡು ಗೆರೆ ಎಲ್ಲಿ ಬಿದ್ದಿದೆ ನೋಡಿ, ಕಾರಣವೇನೆಂದು ಮೇಸ್ತ್ರಿಯನ್ನು ಕೇಳಿ. ಕಾರಣ ಹೇಳದೆ ಸಾಮಾನಿನ ಪಟ್ಟಿ ಮಾತ್ರ ಬರೆದುಕೊಡುವ ಕಡೆ ಎಂಜಿನ್ ಬಿಚ್ಚಿಸಬೇಡಿ. ಬ್ಯಾರಲ್ಲನ್ನು ಮೂರು ಕಡೆ ಅಳೆದು ಸೀಮೆಸುಣ್ಣದಲ್ಲಿ ಬರೆಯುವವರು ನಿಮ್ಮ ಊರಿನಲ್ಲಿ ಇನ್ನೂ ಒಬ್ಬರಿದ್ದರೆ, ಕೂಲಿ ಹೆಚ್ಚಾದರೂ ಕೆಲಸ ಅವರಿಗೇ ಕೊಡಿ.